ಪೇಪರ್ ಎಲ್ಲಿಗೆ ಕಳಿಸೋಣ? ಡೈಮಂಡ್, ಗೋಲ್ಡ್, ಗ್ರೀನ್, ಹೈಬ್ರಿಡ್: ಯಾರಿಗೆ ಯಾವ ದಾರಿ

ಹೋದ ವರ್ಷ ಒಂದೇ ವಾರದಲ್ಲಿ ಇಬ್ಬರು ನಮ್ಮ ಕಾಲೇಜು ಲೈಬ್ರರಿಗೆ ಬಂದರು. ಒಬ್ಬಳು ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಇನ್ನೊಬ್ಬರು ಇತಿಹಾಸದ ಮೇಷ್ಟ್ರು, ವೀರಗಲ್ಲುಗಳ ಮೇಲೆ ಕೆಲಸ ಮಾಡುವವರು. ಇಬ್ಬರ ಕೈಯಲ್ಲೂ ಇಮೇಲಿನ ಪ್ರಿಂಟ್. ನಿಮ್ಮ ಲೇಖನ ಒಪ್ಪಿಕೊಂಡಿದ್ದೇವೆ, ಓಪನ್ ಆ್ಯಕ್ಸೆಸ್‌ಗೆ ಇಷ್ಟು ಡಾಲರ್ ಕಟ್ಟಿ ಅಂತ ಅದರಲ್ಲಿತ್ತು. ಹುಡುಗಿಯ ಗೈಡ್ ಹತ್ತಿರ ಪ್ರಾಜೆಕ್ಟ್ ದುಡ್ಡು ಸ್ವಲ್ಪ ಉಳಿದಿತ್ತು. ಮೇಷ್ಟ್ರಿಗೆ ಸಂಬಳ ಬಿಟ್ಟರೆ ಬೇರೇನೂ ಇಲ್ಲ. ಇಬ್ಬರೂ ಕೇಳಿದ್ದು ಒಂದೇ: ಕಟ್ಟಬೇಕಾ, ಬೇಡವಾ?

ಇಬ್ಬರಿಗೂ ಬೇಡ ಅಂತಲೇ ಹೇಳಿದೆ. ಆದರೆ ಕಾರಣ ಬೇರೆ ಬೇರೆ. ವಿವರಿಸುತ್ತಾ ಕೂತಾಗ ಗೊತ್ತಾಗಿದ್ದೇನೆಂದರೆ, ಓಪನ್ ಆ್ಯಕ್ಸೆಸ್ ಅಂದರೆ ದುಡ್ಡು ಕೊಟ್ಟು ಪೇಪರ್ ಹಾಕಿಸುವುದು ಅಂತ ನಮ್ಮಲ್ಲಿ ಬಹಳ ಜನ ನಂಬಿಬಿಟ್ಟಿದ್ದಾರೆ. ಹಾಗಲ್ಲ. ಓದುವವರಿಗೆ ದುಡ್ಡಿನ ಗೋಡೆ ಅಡ್ಡ ಬರಬಾರದು, ಓದಿದ್ದನ್ನು ಬಳಸುವ ಹಕ್ಕೂ ಅವರಿಗಿರಬೇಕು, ಅಷ್ಟೇ ಅದರ ಅರ್ಥ. ಓಪನ್ ಆ್ಯಕ್ಸೆಸ್ ಅನ್ನುವ ಮಾತಿಗೆ ಅರ್ಥ ಕೊಟ್ಟ ಬುಡಾಪೆಸ್ಟ್ ಘೋಷಣೆ 2002ರ ಫೆಬ್ರವರಿ 14ರಂದು ಹೊರಬಂದಾಗ ಅದರಲ್ಲಿ ಎರಡು ದಾರಿ ಹೇಳಿದ್ದರು. ಒಂದು, ಲೇಖಕರೇ ತಮ್ಮ ಪೇಪರನ್ನು ಎಲ್ಲರಿಗೂ ಸಿಗುವ ಸಂಗ್ರಹದಲ್ಲಿ ಇಡುವುದು. ಇನ್ನೊಂದು, ಎಲ್ಲರಿಗೂ ತೆರೆದಿರುವ ಜರ್ನಲ್‌ಗಳನ್ನು ನಡೆಸುವುದು. ಲೇಖಕರ ಹತ್ತಿರ ಶುಲ್ಕ ತೆಗೆದುಕೊಳ್ಳುವುದು ಅಂಥ ಜರ್ನಲ್ ನಡೆಸುವ ಹಲವು ವಿಧಾನಗಳಲ್ಲಿ ಒಂದು ಮಾತ್ರ. ಆಮೇಲೆ ಅದೇ ದೊಡ್ಡ ವ್ಯಾಪಾರವಾಗಿ ಬೆಳೆಯಿತು.

ಈ ದಾರಿಗಳಿಗೆ ಗೋಲ್ಡ್, ಹೈಬ್ರಿಡ್, ಗ್ರೀನ್, ಡೈಮಂಡ್ ಅಂತ ಹೆಸರಿಟ್ಟಿದ್ದಾರೆ. ಯಾವ ಹೆಸರು ಕಂಡರೂ ನಾನು ಕೇಳುವುದು ಎರಡೇ ಪ್ರಶ್ನೆ. ದುಡ್ಡು ಯಾರ ಜೇಬಿನಿಂದ ಹೋಗುತ್ತಿದೆ? ಓದುಗರಿಗೆ ಏನೇನು ಮಾಡುವ ಅನುಮತಿ ಸಿಗುತ್ತಿದೆ?

ಗೋಲ್ಡ್ ಮತ್ತು ಹೈಬ್ರಿಡ್

ಗೋಲ್ಡ್ ಅಂದರೆ ಇಡೀ ಜರ್ನಲ್ ತೆರೆದಿರುತ್ತದೆ. ಪೇಪರ್ ಬಂದ ದಿನವೇ ಯಾರು ಬೇಕಾದರೂ ಓದಬಹುದು. ಇವುಗಳಲ್ಲಿ ಹಲವು ಜರ್ನಲ್‌ಗಳು ಲೇಖಕರಿಂದ ಎಪಿಸಿ, ಅಂದರೆ ಆರ್ಟಿಕಲ್ ಪ್ರೊಸೆಸಿಂಗ್ ಚಾರ್ಜ್ ತೆಗೆದುಕೊಳ್ಳುತ್ತವೆ. ಪ್ಲಾಸ್ ಒನ್ ಅನ್ನುವ ಗೋಲ್ಡ್ ಜರ್ನಲ್ 2006ರಲ್ಲಿ ಶುರುವಾದಾಗ ಈ ಶುಲ್ಕ 1,250 ಡಾಲರ್ ಇತ್ತು, ಈಗ 2,000 ದಾಟಿದೆ. ನಮ್ಮ ಲೆಕ್ಕದಲ್ಲಿ ನೋಡಿ. ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಒಂದು ಪೇಪರಿಗೆ ನಾಲ್ಕೂವರೆ ತಿಂಗಳ ಫೆಲೋಶಿಪ್ ಹೋದರೂ ಸಾಲದು. ಚಂದಾ ಪತ್ರಿಕೆಯಾದ ನೇಚರ್‌ನಲ್ಲಿ ಓಪನ್ ಆ್ಯಕ್ಸೆಸ್ ಆಯ್ಕೆ 2021ರಲ್ಲಿ ಬಂದಾಗ ಬೆಲೆ 9,500 ಯೂರೋ ಇಟ್ಟರು, ಅಂದರೆ ಎಂಟು ಲಕ್ಷ ರೂಪಾಯಿಗಿಂತ ಜಾಸ್ತಿ.

ಬಡ ದೇಶಗಳಿಗೆ ರಿಯಾಯಿತಿ ಇರುತ್ತದಲ್ಲ ಅಂತ ಕೇಳುತ್ತಾರೆ. ಇರುತ್ತದೆ, ಆದರೆ ನಮಗೆ ಸಿಗುವುದು ಕಷ್ಟ. ಭಾರತದ ಒಟ್ಟು ಆರ್ಥಿಕತೆ ದೊಡ್ಡದು ಅಂತ ಹಲವು ಪ್ರಕಾಶಕರ ಪೂರ್ತಿ ಮಾಫಿ ಪಟ್ಟಿಯಲ್ಲಿ ನಮ್ಮ ಹೆಸರು ಇರುವುದಿಲ್ಲ. ದೇಶದ ಲೆಕ್ಕ ದೊಡ್ಡದಿರಬಹುದು, ಸಂಶೋಧಕಿಯ ಲೆಕ್ಕ ಹಾಗಿಲ್ಲವಲ್ಲ! ಆದರೂ ಪೇಪರ್ ಕಳಿಸುವ ಮೊದಲೇ ಸಂಪಾದಕರಿಗೆ ಒಂದು ಪತ್ರ ಬರೆದು ಕೇಳಿ. ಒಪ್ಪಿಗೆಯಾದ ಮೇಲೆ ಕೇಳಿದರೆ ಎಷ್ಟೋ ಕಡೆ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಪ್ರಾಜೆಕ್ಟಿನ ಬಜೆಟ್‌ನಲ್ಲಿ ಇದಕ್ಕೇ ಅಂತ ದುಡ್ಡಿದ್ದರೆ, ವಿಷಯ ವೈದ್ಯಕೀಯ ಅಥವಾ ಕೃಷಿಯಂಥದ್ದಾಗಿ ಬೇಗ ಹೊರಗೆ ಬರಬೇಕಿದ್ದರೆ, ಗೋಲ್ಡ್ ಒಳ್ಳೆಯ ದಾರಿಯೇ. ಸ್ವಂತ ಜೇಬಿನಿಂದ ಮಾತ್ರ ಕಟ್ಟಬೇಡಿ.

ಹೈಬ್ರಿಡ್ ಬೇರೆ. ಇಲ್ಲಿ ಜರ್ನಲ್ ಚಂದಾದ್ದೇ. ಲೈಬ್ರರಿಗಳು ವರ್ಷ ವರ್ಷ ಚಂದಾ ಕಟ್ಟುತ್ತಲೇ ಇರುತ್ತವೆ. ಅದರೊಳಗೆ ನಿಮ್ಮ ಒಂದು ಪೇಪರನ್ನು ಮಾತ್ರ ತೆರೆಯಲು ನೀವು ಬೇರೆ ದುಡ್ಡು ಕೊಡಬೇಕು. ಒಂದೇ ಅಂಗಡಿಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ. ಯುರೋಪಿನ ಅನುದಾನ ಸಂಸ್ಥೆಗಳು 2018ರಲ್ಲಿ ಪ್ಲಾನ್ ಎಸ್ ಅಂತ ಒಟ್ಟಾದಾಗ ಹೈಬ್ರಿಡ್ ಶುಲ್ಕ ನಾವು ಕೊಡುವುದಿಲ್ಲ ಅಂದವು. ಸ್ವಲ್ಪ ಕಾಲ ವಿಶೇಷ ಒಪ್ಪಂದಗಳಿಗೆ ಅವಕಾಶ ಕೊಟ್ಟು, 2024ರ ಕೊನೆಗೆ ಆ ಬೆಂಬಲವನ್ನೂ ನಿಲ್ಲಿಸಿದವು. ನಮ್ಮ ಸಸ್ಯಶಾಸ್ತ್ರದ ಹುಡುಗಿಯ ಇಮೇಲ್ ಇಂಥ ಹೈಬ್ರಿಡ್ ಜರ್ನಲಿನದು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಆಯ್ಕೆ ಇತ್ತು: ಮಾಮೂಲಿನಂತೆ ಚಂದಾ ದಾರಿಯಲ್ಲಿ ಪ್ರಕಟಿಸಿದರೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಅದನ್ನು ಆರಿಸಿ, ಪೇಪರನ್ನು ಗ್ರೀನ್ ದಾರಿಯಲ್ಲಿ ತೆರೆಯೋಣ ಅಂದೆ.

ಗ್ರೀನ್: ಬಹಳ ಜನಕ್ಕೆ ಗೊತ್ತಿಲ್ಲದ ದಾರಿ

ನನಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕಿರುವುದು ಇದರ ಬಗ್ಗೆ. ಗ್ರೀನ್ ಅಂದರೆ ಲೇಖಕರೇ ತಮ್ಮ ಪೇಪರನ್ನು ರೆಪಾಸಿಟರಿಯಲ್ಲಿ, ಅಂದರೆ ಎಲ್ಲರಿಗೂ ಸಿಗುವ ಸಂಗ್ರಹದಲ್ಲಿ ಇಡುವುದು. ಜರ್ನಲ್ ಯಾವುದೇ ಇರಲಿ, ನಿಮ್ಮ ಪೇಪರಿಗೆ ಮೂರು ರೂಪ ಇರುತ್ತದೆ. ಮೊದಲು ಕಳಿಸಿದ್ದು, ಅದು ಪ್ರಿಪ್ರಿಂಟ್. ಪರಿಶೀಲಕರು ಹೇಳಿದಂತೆ ತಿದ್ದಿ, ಸಂಪಾದಕರು ಒಪ್ಪಿದ ನಿಮ್ಮ ವರ್ಡ್ ಫೈಲ್, ಅದು ಅಕ್ಸೆಪ್ಟೆಡ್ ಮ್ಯಾನ್ಯುಸ್ಕ್ರಿಪ್ಟ್. ಕೊನೆಗೆ ಪ್ರಕಾಶಕರು ಪುಟ ಕಟ್ಟಿ, ಲೋಗೋ ಹಾಕಿ ಕೊಟ್ಟ ಪಿಡಿಎಫ್. ಮೂರನೆಯದನ್ನು ಎಲ್ಲೆಂದರಲ್ಲಿ ಹಾಕುವ ಹಕ್ಕು ಸಾಮಾನ್ಯವಾಗಿ ನಿಮಗಿರುವುದಿಲ್ಲ. ಎರಡನೆಯದನ್ನು ಹಾಕಲು ಮಾತ್ರ ಬಹಳಷ್ಟು ದೊಡ್ಡ ಪ್ರಕಾಶಕರು ಅನುಮತಿ ಕೊಡುತ್ತಾರೆ, ಕೆಲವರು ತಕ್ಷಣವೇ, ಕೆಲವರು 12 ತಿಂಗಳು ಕಾಯಿಸಿ, ಮಾನವಿಕ ವಿಷಯಗಳಲ್ಲಿ ಒಮ್ಮೊಮ್ಮೆ 18 ತಿಂಗಳೋ 24 ತಿಂಗಳೋ ಆದ ಮೇಲೆ. ಯಾವ ಜರ್ನಲಿನ ನಿಯಮ ಏನು ಅಂತ ಶೆರ್ಪಾ ರೋಮಿಯೋ ಅನ್ನುವ ಪಟ್ಟಿಯಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್.

ಈ ದಾರಿ ನಮಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಈಪ್ರಿಂಟ್ಸ್ ಅನ್ನುವ ಸಂಗ್ರಹ ಶುರುಮಾಡಿತು. ದೇಶದಲ್ಲಿ ಒಂದು ಸಂಸ್ಥೆ ತನ್ನವರ ಪೇಪರ್‌ಗಳಿಗೆ ಅಂತ ಕಟ್ಟಿದ ಮೊದಲ ರೆಪಾಸಿಟರಿ ಅದು. ಕೇಂದ್ರದ ಜೈವಿಕ ತಂತ್ರಜ್ಞಾನ (ಡಿಬಿಟಿ), ವಿಜ್ಞಾನ ಮತ್ತು ತಂತ್ರಜ್ಞಾನ (ಡಿಎಸ್‌ಟಿ) ಇಲಾಖೆಗಳು 2014ರ ಡಿಸೆಂಬರ್‌ನಲ್ಲಿ ತಂದ ನೀತಿಯೂ ಇದನ್ನೇ ಹೇಳುತ್ತದೆ: ನಮ್ಮ ದುಡ್ಡಿನಲ್ಲಿ ನಡೆದ ಸಂಶೋಧನೆಯ ಒಪ್ಪಿತ ಪ್ರತಿಯನ್ನು ರೆಪಾಸಿಟರಿಯಲ್ಲಿ ಇಡಿ. ಆ ಹುಡುಗಿಯ ಪ್ರಾಜೆಕ್ಟ್ ಡಿಬಿಟಿಯದು. ಅಂದರೆ ಡಾಲರ್ ಕಟ್ಟಿದ್ದರೂ ಕಟ್ಟದಿದ್ದರೂ ಪ್ರತಿ ಇಡುವ ಕೆಲಸ ಇದ್ದೇ ಇತ್ತು. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಅನುದಾನ ಕೊಡುವ ಎನ್‌ಐಎಚ್ 2025ರ ಜುಲೈ 1ರಿಂದ ಕಾಯುವ ಅವಧಿಯನ್ನೇ ತೆಗೆದುಹಾಕಿದೆ. ಅವರ ಅನುದಾನದ ಪೇಪರ್ ಪ್ರಕಟವಾದ ದಿನವೇ ಪಬ್‌ಮೆಡ್ ಸೆಂಟ್ರಲ್ ಅನ್ನುವ ಅವರ ಸಂಗ್ರಹದಲ್ಲಿ ಸಿಗಬೇಕು. ಅಲ್ಲಿನವರ ಜೊತೆ ಸೇರಿ ಬರೆಯುವವರು ಇದನ್ನು ನೆನಪಿಡಿ.

ನಮ್ಮ ಕಾಲೇಜಿಗೆ ರೆಪಾಸಿಟರಿಯೇ ಇಲ್ಲ ಅನ್ನುವವರು ಝೆನೋಡೋ ಬಳಸಿ. ಯುರೋಪಿನ ಸರ್ನ್ ಪ್ರಯೋಗಾಲಯ ನಡೆಸುವ ಸಂಗ್ರಹ ಅದು, ಪುಕ್ಕಟೆ, ಪೇಪರಿನ ಕಾಯಂ ಗುರುತಾದ ಡಿಒಐ ನಂಬರ್ ಕೂಡ ಕೊಡುತ್ತದೆ. ರಿಸರ್ಚ್‌ಗೇಟ್, ಅಕಾಡೆಮಿಯಾ ಥರದ ಸೈಟುಗಳಲ್ಲಿ ಹಾಕಿದರೆ ಸಾಕು ಅಂದುಕೊಂಡವರು ಜಾಸ್ತಿ. ಅವು ಕಂಪನಿಗಳು. ನಾಳೆ ನಿಯಮ ಬದಲಾದರೆ ನಿಮ್ಮ ಪೇಪರ್ ಲಾಗಿನ್ ಹಿಂದೆ ಹೋಗಬಹುದು. ಅಲ್ಲಿ ಬೇಕಾದರೆ ಹಾಕಿ, ಮೊದಲು ರೆಪಾಸಿಟರಿಯಲ್ಲಿ ಇಡಿ.

ಡೈಮಂಡ್: ನನ್ನ ಮೊದಲ ಆಯ್ಕೆ, ಆದರೆ ಕಣ್ಣು ತೆರೆದು

ಡೈಮಂಡ್‌ನಲ್ಲಿ ಓದುವವರೂ ದುಡ್ಡು ಕೊಡುವುದಿಲ್ಲ, ಬರೆಯುವವರೂ ಕೊಡುವುದಿಲ್ಲ. ಯಾವುದೋ ವಿಶ್ವವಿದ್ಯಾಲಯ, ಸಂಘ, ಅಕಾಡೆಮಿ ಅಥವಾ ಲೈಬ್ರರಿಗಳ ಗುಂಪು ಖರ್ಚು ಹೊರುತ್ತದೆ. ಬ್ರೆಜಿಲ್‌ನಲ್ಲಿ ಹುಟ್ಟಿದ ಸೈಲೋ ಜಾಲ ತೊಂಬತ್ತರ ದಶಕದ ಕೊನೆಯಿಂದ ಲ್ಯಾಟಿನ್ ಅಮೆರಿಕದ ಜರ್ನಲ್‌ಗಳನ್ನು ತೆರೆದಿಟ್ಟಿದೆ, ಅದೂ ಬಹುಪಾಲು ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳಲ್ಲೇ. ಇದನ್ನು ಓದಿದಾಗಲೆಲ್ಲ ಕನ್ನಡದ ಸಂಶೋಧನಾ ಪತ್ರಿಕೆಗಳಿಗೂ ಇಂಥದ್ದೊಂದು ಜಾಲ ಬೇಕು ಅನ್ನಿಸುತ್ತದೆ.

ನಮ್ಮ ಮನೆ ಬಾಗಿಲಲ್ಲೇ ಒಂದು ಉದಾಹರಣೆ ಇದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ. ಅದರ ಪ್ರಮಾಣ, ಸಾಧನಾ, ರೆಸೊನೆನ್ಸ್ ಮೊದಲಾದ ಜರ್ನಲ್‌ಗಳನ್ನು ಅಕಾಡೆಮಿಯ ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. 2007ರಿಂದ ಸ್ಪ್ರಿಂಗರ್ ಅನ್ನುವ ವಿದೇಶಿ ಪ್ರಕಾಶಕರ ಜೊತೆ ಸೇರಿ ತರುತ್ತಿದ್ದರೂ ಈ ಬಾಗಿಲು ಮುಚ್ಚಲಿಲ್ಲ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಗೆ ನಾನು ರೆಸೊನೆನ್ಸ್ ತೋರಿಸುತ್ತೇನೆ. ಲಾಗಿನ್ ಇಲ್ಲ, ಕಾರ್ಡ್ ಇಲ್ಲ, ಸುಮ್ನೆ ತೆರೆದು ಓದಬಹುದು ಅಂದಾಗ ಅವರಿಗೆ ಆಗುವ ಖುಷಿ ನೋಡಬೇಕು.

ಡೈಮಂಡ್ ಅಂದರೆ ಗುಣಮಟ್ಟ ಕಮ್ಮಿ ಅನ್ನುವ ಮಾತು ಸುಳ್ಳು. ಮಷೀನ್ ಲರ್ನಿಂಗ್ ಕ್ಷೇತ್ರದ 40 ಸಂಪಾದಕರು 2001ರಲ್ಲಿ ಒಂದು ದುಬಾರಿ ಜರ್ನಲ್ ಬಿಟ್ಟು, ಜರ್ನಲ್ ಆಫ್ ಮಷೀನ್ ಲರ್ನಿಂಗ್ ರಿಸರ್ಚ್ ಪರವಾಗಿ ನಿಂತರು. ಇಂದಿಗೂ ಅದು ಆ ಕ್ಷೇತ್ರದ ದೊಡ್ಡ ಹೆಸರು, ಶುಲ್ಕ ಇಲ್ಲ. ಭಾಷಾಶಾಸ್ತ್ರದಲ್ಲೂ ಹೀಗೇ ಆಯಿತು. 2015ರಲ್ಲಿ ಲಿಂಗ್ವಾ ಪತ್ರಿಕೆಯ ಸಂಪಾದಕರು ಒಟ್ಟಿಗೆ ಹೊರಬಂದು ಗ್ಲಾಸಾ ಶುರುಮಾಡಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಓಪನ್ ಲೈಬ್ರರಿ ಆಫ್ ಹ್ಯುಮ್ಯಾನಿಟೀಸ್ ಕೆಲಸ ಆರಂಭಿಸಿತು. ಅಲ್ಲಿ ನೂರಾರು ಲೈಬ್ರರಿಗಳು ಒಂದಿಷ್ಟು ಒಂದಿಷ್ಟು ಹಾಕಿ ಜರ್ನಲ್‌ಗಳನ್ನು ಸಾಕುತ್ತವೆ. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರದವರಿಗೆ ಪ್ರಾಜೆಕ್ಟ್ ದುಡ್ಡೇ ಇರುವುದಿಲ್ಲ. ಅವರಿಗೆ ಎಪಿಸಿ ದಾರಿ ತೋರಿಸುವುದೇ ತಪ್ಪು, ಡೈಮಂಡೇ ಸರಿ.

ಕಷ್ಟಗಳೂ ಇವೆ. ಕೆಲಸ ಮಾಡುವವರು ಕಮ್ಮಿ, ಹೆಚ್ಚಿನವರು ಸಂಬಳ ಇಲ್ಲದೆ ದುಡಿಯುತ್ತಾರೆ, ಹಾಗಾಗಿ ನಿಧಾನ. ಕೆಲವು ಜರ್ನಲ್‌ಗಳು ಸ್ಕೋಪಸ್ ಅನ್ನುವ ಪಟ್ಟಿಯಲ್ಲಿ ಇರುವುದಿಲ್ಲ. ಬಡ್ತಿಗೆ ಅಂಕ ಲೆಕ್ಕ ಹಾಕುವವರಿಗೆ ಅದು ದೊಡ್ಡ ಮಾತು, ಅದನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ನಡೆಸುವವರು ಬದಲಾಗುವುದೂ ಉಂಟು. ಮುಂಬೈಯ ಮೆಡ್‌ನೋ ಅನ್ನುವ ಪ್ರಕಾಶನ ಸಂಸ್ಥೆ ಭಾರತದ ಎಷ್ಟೋ ವೈದ್ಯಕೀಯ ಜರ್ನಲ್‌ಗಳನ್ನು ಲೇಖಕರಿಂದ ದುಡ್ಡು ಕೇಳದೆ ತೆರೆದಿಟ್ಟು ಹೆಸರಾಗಿತ್ತು. 2011ರಲ್ಲಿ ಅದನ್ನು ವೋಲ್ಟರ್ಸ್ ಕ್ಲುವರ್ ಅನ್ನುವ ದೊಡ್ಡ ವಿದೇಶಿ ಕಂಪನಿ ಕೊಂಡಿತು. ಇನ್ನು ಪೂರ್ತಿ ಮಾಯವಾಗುವ ಅಪಾಯವೂ ಇದೆ. 2000ದಿಂದ 2019ರವರೆಗೆ 170ಕ್ಕೂ ಜಾಸ್ತಿ ಓಪನ್ ಆ್ಯಕ್ಸೆಸ್ ಜರ್ನಲ್‌ಗಳು ಅಂತರ್ಜಾಲದಿಂದಲೇ ಅಳಿಸಿಹೋದವು ಅಂತ ಒಂದು ಅಧ್ಯಯನ ಲೆಕ್ಕ ಕೊಟ್ಟಿದೆ. ಹಾಗಾಗಿ ಡೈಮಂಡ್‌ನಲ್ಲಿ ಪ್ರಕಟಿಸಿದರೂ ಒಂದು ಪ್ರತಿ ರೆಪಾಸಿಟರಿಯಲ್ಲಿ ಇರಲಿ.

ಪ್ರಿಪ್ರಿಂಟ್ ಸಾಕಾ?

ಅದು ವಿಷಯದ ಮೇಲೆ ನಿಂತಿದೆ. ಭೌತಶಾಸ್ತ್ರದವರು 1991ರಿಂದ, ಆಮೇಲೆ ಗಣಿತದವರೂ ಆರ್ಕೈವ್ (arXiv) ಅನ್ನುವ ಪ್ರಿಪ್ರಿಂಟ್ ಸಂಗ್ರಹದಲ್ಲಿ ಪೇಪರ್ ಹಾಕುತ್ತಾ ಬಂದಿದ್ದಾರೆ. ರಷ್ಯಾದ ಗಣಿತಜ್ಞ ಗ್ರಿಗೊರಿ ಪೆರೆಲ್ಮನ್, ಪ್ವಾಂಕರೆ ಊಹೆ ಅನ್ನುವ ಗಣಿತದ ಹಳೆಯ ಸಮಸ್ಯೆಯ ಸಾಧನೆಯನ್ನು 2002ರ ನವೆಂಬರ್‌ನಿಂದ ಅಲ್ಲೇ ಹಾಕಿದರು. ಯಾವ ಜರ್ನಲಿಗೂ ಕಳಿಸಲಿಲ್ಲ. ಆದರೂ 2006ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಘೋಷಣೆಯಾಯಿತು, ಅವರು ಅದನ್ನೂ ಒಪ್ಪಲಿಲ್ಲ. ಗಣಿತದಲ್ಲಿ ಇದು ನಡೆಯುತ್ತದೆ. ತಪ್ಪಿದ್ದರೆ ಓದಿದವರು ಹಿಡಿಯುತ್ತಾರೆ, ಅಲ್ಲಿಯ ತನಕ ಯಾರ ಜೀವಕ್ಕೂ ಅಪಾಯವಿಲ್ಲ.

ಆರೋಗ್ಯದ ವಿಷಯ ಹಾಗಲ್ಲ. 2020ರ ಜನವರಿ ಕೊನೆಯಲ್ಲಿ ಕೊರೊನಾ ವೈರಸ್ಸಿಗೂ ಎಚ್‌ಐವಿಗೂ ಹೋಲಿಕೆ ಇದೆ ಅನ್ನುವ ಒಂದು ಪ್ರಿಪ್ರಿಂಟ್ ಜೀವವಿಜ್ಞಾನದವರ ಸಂಗ್ರಹವಾದ ಬಯೋಆರ್ಕೈವ್‌ನಲ್ಲಿ ಬಂತು. ಲೇಖಕರು ಕೆಲವೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಎಲ್ಲೆಲ್ಲೋ ಹರಡಿಯಾಗಿತ್ತು. ನಿಮ್ಮ ಪೇಪರ್ ಔಷಧಿ, ಲಸಿಕೆ, ಕಾಯಿಲೆಯ ಬಗ್ಗೆ ಇದ್ದರೆ ಪ್ರಿಪ್ರಿಂಟ್ ಹಾಕಿ, ಅಲ್ಲಿಗೇ ನಿಲ್ಲಿಸಬೇಡಿ. ಇತಿಹಾಸ, ಸಾಹಿತ್ಯದವರು ಮೊದಲು ಜರ್ನಲಿನ ನಿಯಮ ಓದಿ. ಪ್ರಿಪ್ರಿಂಟ್ ಹಾಕಿದರೆ ಒಪ್ಪದ ಪತ್ರಿಕೆಗಳು ಅಲ್ಲಿ ಈಗಲೂ ಇವೆ.

ಲೈಸೆನ್ಸ್ ಓದದೆ ಟಿಕ್ ಹಾಕಬೇಡಿ

ಪೇಪರ್ ಒಪ್ಪಿಗೆಯಾದ ಖುಷಿಯಲ್ಲಿ ಎಲ್ಲರೂ ಅವಸರ ಮಾಡುವುದು ಇಲ್ಲೇ. ಓದುಗರಿಗೆ ಏನೇನು ಅನುಮತಿ ಅಂತ ಹೇಳುವುದೇ ಲೈಸೆನ್ಸ್, ಹೆಚ್ಚಾಗಿ ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್‌ನದು. ಸಿಸಿ ಬೈ ಅಂದರೆ ನಿಮ್ಮ ಹೆಸರು ಹೇಳಿ ಯಾರು ಏನು ಬೇಕಾದರೂ ಮಾಡಬಹುದು. ಎನ್‌ಸಿ ಸೇರಿದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಸೇರಿದರೆ ಬದಲಾಯಿಸಿ ಹಂಚುವಂತಿಲ್ಲ, ಅನುವಾದವೂ ಆ ಬದಲಾವಣೆಯೊಳಗೇ ಬರುತ್ತದೆ. ಈ ಕೊನೆಯದು ಕನ್ನಡದವರಿಗೆ ಬಹಳ ಮುಖ್ಯ. ರಾಗಿ ಬೆಳೆಯ ರೋಗದ ಮೇಲೆ ಇಂಗ್ಲಿಷಿನಲ್ಲಿ ಬಂದ ಪೇಪರಿಗೆ ಎನ್‌ಡಿ ಹಾಕಿದರೆ, ಅದನ್ನು ಕನ್ನಡಕ್ಕೆ ತಂದು ರೈತರಿಗೆ ಹಂಚಬೇಕು ಅನ್ನುವವರು ಮತ್ತೆ ಅನುಮತಿ ಕೇಳಿಕೊಂಡು ಓಡಾಡಬೇಕು. ಎನ್‌ಸಿ ಇದ್ದರೆ ಅದರ ಚಿತ್ರಗಳನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಲಾಗುವುದಿಲ್ಲ, ಕನ್ನಡ ವಿಕಿಪೀಡಿಯಕ್ಕೂ ಸಿಗುವುದಿಲ್ಲ. ವಿಜ್ಞಾನದ ಪೇಪರಿಗೆ ನಾನು ಸಿಸಿ ಬೈ ಹೇಳುತ್ತೇನೆ, ಎರಡನೇ ಮಾತಿಲ್ಲ.

ಮಾನವಿಕ ವಿಷಯಗಳಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಂಸಾಳೆಯವರು ಒಂದು ರಾತ್ರಿಯೆಲ್ಲ ಹಾಡಿದ್ದನ್ನು ನೀವು ರೆಕಾರ್ಡ್ ಮಾಡಿಕೊಂಡು ಬಂದಿದ್ದೀರಿ. ಆ ಹಾಡು ನಿಮ್ಮದಲ್ಲ. ಅದನ್ನು ಯಾರು ಹೇಗೆ ಬೇಕಾದರೂ ಬಳಸಿ ಅಂತ ಬರೆದುಕೊಡಲು ನೀವ್ಯಾರು ಅಂತ ಅವರು ಕೇಳಿದರೆ ಉತ್ತರ ಇರಬೇಕಲ್ಲ. ಹಾಡಿದವರನ್ನು ಕೇಳಿ. ಅವರು ಬೇಡ ಅಂದರೆ ನಿಮ್ಮ ವಿಶ್ಲೇಷಣೆ ಮಾತ್ರ ತೆರೆದಿಡಿ, ಹಾಡಿನ ಧ್ವನಿಯನ್ನಲ್ಲ. ಮ್ಯೂಸಿಯಂ ಫೋಟೋ, ಬೇರೆಯವರ ಸಂಗ್ರಹದ ತಾಳೆಗರಿಯ ಚಿತ್ರ ಇದ್ದರೂ ಅಷ್ಟೇ. ಆ ಚಿತ್ರಕ್ಕೆ ಬೇರೆ ಅನುಮತಿ, ಅದನ್ನು ಚಿತ್ರದ ಕೆಳಗೇ ಬರೆಯಿರಿ.

ಮೇಷ್ಟ್ರ ಇಮೇಲ್

ಮೇಷ್ಟ್ರಿಗೆ ಬಂದಿದ್ದು ಬೇರೆಯದೇ ಸಮಸ್ಯೆ. ಪೇಪರ್ ಕಳಿಸಿದ ಆರನೇ ದಿನಕ್ಕೆ ಒಪ್ಪಿಗೆ! ಪರಿಶೀಲಕರ ಒಂದು ಸಾಲು ಅಭಿಪ್ರಾಯವೂ ಇಲ್ಲ. ಸಂಪಾದಕ ಮಂಡಳಿಯಲ್ಲಿದ್ದ ಇಬ್ಬರಿಗೆ ನಾನೇ ಪತ್ರ ಬರೆದೆ. ಒಬ್ಬರು, ಆ ಪತ್ರಿಕೆಯ ಹೆಸರೇ ಕೇಳಿಲ್ಲ ಅಂದರು. ಅಲ್ಲಿಗೆ ಮುಗಿಯಿತು.

ದುಡ್ಡಿಗಾಗಿ ಏನನ್ನಾದರೂ ಒಪ್ಪುವ ಇಂಥ ಜರ್ನಲ್‌ಗಳು ಹಳೆಯ ಕಾಯಿಲೆ. 2013ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಬೇಕೆಂದೇ ತಪ್ಪು ತುಂಬಿದ ಒಂದು ಪೇಪರ್ ಬರೆದು 304 ಓಪನ್ ಆ್ಯಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದರು. 157 ಒಪ್ಪಿಕೊಂಡವು. ಅದರಲ್ಲಿ ಭಾರತದಿಂದ ನಡೆಯುವವೂ ಬಹಳ ಇದ್ದವು, ಓದುವಾಗ ನೋವಾಗುತ್ತದೆ. ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿ ಇದ್ದಾಗ ಅದನ್ನು ನೋಡಿ ನಿರ್ಧರಿಸುತ್ತಿದ್ದೆವು. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನೂ ನಿಲ್ಲಿಸಿತು, ಈಗ ಜವಾಬ್ದಾರಿ ನಮ್ಮ ಮೇಲೇ. ನಾನು ಮೊದಲು ಡಿಒಎಜೆಯಲ್ಲಿ ಹುಡುಕುತ್ತೇನೆ, ತೆರೆದ ಜರ್ನಲ್‌ಗಳನ್ನು ಪರೀಕ್ಷಿಸಿ ಸೇರಿಸುವ ಪಟ್ಟಿ ಅದು, 2003ರಿಂದ ನಡೆಯುತ್ತಿದೆ. ಆಮೇಲೆ ಅದೇ ಜರ್ನಲಿನ ಹಿಂದಿನ ವರ್ಷದ ಎರಡು ಪೇಪರ್ ಪೂರ್ತಿ ಓದುತ್ತೇನೆ. ಓದಿದರೆ ಗೊತ್ತಾಗಿಬಿಡುತ್ತದೆ. ಶುಲ್ಕ ಎಷ್ಟು ಅಂತ ಮೊದಲೇ ಹೇಳದ ಜರ್ನಲ್ ಕಡೆ ತಲೆ ಹಾಕಬೇಡಿ.

ಒಂದು ದೇಶ ಒಂದು ಚಂದಾ ಬಂತಲ್ಲ, ಇದೆಲ್ಲ ಇನ್ನೂ ಬೇಕಾ?

ಇತ್ತೀಚೆಗೆ ಎಲ್ಲರೂ ಕೇಳುವ ಪ್ರಶ್ನೆ. ಸರ್ಕಾರವೇ ಜರ್ನಲ್‌ಗಳ ಚಂದಾ ಕಟ್ಟುವ, 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಜಾಸ್ತಿ ಸರ್ಕಾರಿ ಸಂಸ್ಥೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗನಿಗೆ ದೊಡ್ಡ ಜರ್ನಲ್ ತೆರೆಯುತ್ತದೆ ಅಂದರೆ ನನಗೆ ನಿಜವಾಗಿಯೂ ಸಂತೋಷವೇ. ಆದರೆ ಖಾಸಗಿ ಕಾಲೇಜಿನ ಅಧ್ಯಾಪಕಿಗೆ ಅದರಲ್ಲಿ ಜಾಗವಿಲ್ಲ. ಹೈಸ್ಕೂಲ್ ಮೇಷ್ಟ್ರಿಗೆ, ನಿವೃತ್ತರಾದ ಎಂಜಿನಿಯರಿಗೆ, ತಾಲೂಕಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟ ಡಾಕ್ಟರಿಗೆ, ಹಳ್ಳಿಯ ಪತ್ರಕರ್ತರಿಗೆ ಇಲ್ಲ. ಚಂದಾ ನಿಂತ ದಿನ ಬಾಗಿಲೂ ಮುಚ್ಚುತ್ತದೆ. ನೀವು ರೆಪಾಸಿಟರಿಯಲ್ಲಿ ಇಟ್ಟ ಪ್ರತಿಗೆ ಹಾಗಾಗುವುದಿಲ್ಲ.

ಪುಸ್ತಕದ ಬಗ್ಗೆ ಒಂದೇ ಮಾತು. ಓಪನ್ ಪುಸ್ತಕಕ್ಕೆ ಹತ್ತು ಸಾವಿರ ಪೌಂಡ್ ಆಸುಪಾಸು ಕೇಳುವ ಪ್ರಕಾಶಕರು ಇದ್ದಾರೆ. ಕೇಂಬ್ರಿಜ್‌ನ ಓಪನ್ ಬುಕ್ ಪಬ್ಲಿಷರ್ಸ್ ಥರ, ದುಡ್ಡಿಲ್ಲದ ಲೇಖಕರನ್ನು ವಾಪಸ್ ಕಳಿಸದವರೂ ಇದ್ದಾರೆ. ಕೇಳಿ ನೋಡಿ. ಪಿಎಚ್‌ಡಿ ಥೀಸಿಸ್ ಅಂತೂ ಹೇಗಿದ್ದರೂ ದೇಶದ ಥೀಸಿಸ್‌ಗಳ ಸಂಗ್ರಹವಾದ ಶೋಧಗಂಗಾಕ್ಕೆ ಹೋಗುತ್ತದೆ, ಅದನ್ನೇ ಚೆನ್ನಾಗಿ ಮಾಡಿ ಕೊಡಿ. ಅಲ್ಲಿ ಕನ್ನಡ ಥೀಸಿಸ್‌ಗಳನ್ನು ಹುಡುಕುವಾಗ ಅಕ್ಷರ ಹುಡುಕಲಾಗದ ಸ್ಕ್ಯಾನ್ ಪುಟ ಸಿಕ್ಕರೆ ಬೇಜಾರಾಗುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪಿಡಿಎಫ್ ಕೊಡಿ.

ಮೇಷ್ಟ್ರ ಪೇಪರ್ ಕೊನೆಗೆ ಒಂದು ಡೈಮಂಡ್ ಜರ್ನಲಿಗೆ ಹೋಯಿತು. ಹನ್ನೊಂದು ತಿಂಗಳು ಹಿಡಿಯಿತು. ಪರಿಶೀಲಕರೊಬ್ಬರು ಎರಡು ಶಾಸನಗಳ ಓದನ್ನು ತಿದ್ದಿಸಿದರು. ಅದಕ್ಕೆ ಬೇಕಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳನ್ನು ಮೇಷ್ಟ್ರು ಮೈಸೂರಿಗೆ ಹೋಗದೆ ಇಂಟರ್ನೆಟ್ ಆರ್ಕೈವ್‌ನಲ್ಲೇ ತೆಗೆದು ನೋಡಿದರು. ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಮಾಡಿಸಿದ ಕೆಲಸ ಇವತ್ತು ಎಲ್ಲರಿಗೂ ತೆರೆದಿದೆ, ನಿಮ್ಮ ಪೇಪರಿಗೂ ಹಾಗಾಗಲಿ ಸಾರ್ ಅಂದೆ.

ನಿಮ್ಮ ಹಳೆಯ ಪೇಪರ್‌ಗಳ ವಿಷಯಕ್ಕೆ ಬಂದರೆ, ಕಂಪ್ಯೂಟರಿನಲ್ಲಿ ಆ ಒಪ್ಪಿತ ವರ್ಡ್ ಫೈಲ್ ಇದೆಯಾ ನೋಡಿ. ನಾನು 2012ರಲ್ಲಿ ಬರೆದ ಒಂದು ಲೇಖನದ್ದು ನನ್ನ ಹತ್ತಿರ ಇಲ್ಲ. ಪ್ರಕಾಶಕರಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ಹಾಗಾಗಿ ಅದು ಇಂದಿಗೂ ಗೋಡೆಯ ಹಿಂದೆಯೇ ಇದೆ. ಫೈಲ್ ಸಿಕ್ಕರೆ ಹೆಸರಲ್ಲಿ ‘ಒಪ್ಪಿತ ಪ್ರತಿ’ ಅಂತ ಸೇರಿಸಿ ಬೇರೆ ಫೋಲ್ಡರಿನಲ್ಲಿಡಿ, ಜರ್ನಲಿನ ನಿಯಮ ನೋಡಿ, ಕಾಯುವ ಅವಧಿ ಮುಗಿದಿದ್ದರೆ ಇವತ್ತೇ ಹಾಕಿ. ಇಪ್ಪತ್ತು ನಿಮಿಷದ ಕೆಲಸ.